ಖಾಲಿ ಪಿಸ್ತೂಲಿನ ಶೆರಿಫ್: ಕಾರ್ಲ್ ಹೇಡನ್ ಪ್ರಕರಣ

1910ನೇ ಇಸವಿ. ಅರಿಜೋನಾ ಆಗಿನ್ನೂ ರಾಜ್ಯವಾಗಿರಲಿಲ್ಲ. ವಾಷಿಂಗ್ಟನ್ನಿನಿಂದ ಆಳಿಸಿಕೊಳ್ಳುತ್ತಿದ್ದ ಒಂದು ಪ್ರಾಂತ್ಯ, ಅಷ್ಟೇ. ಫೀನಿಕ್ಸ್ ಕಡೆಯ ಪ್ಯಾಸೆಂಜರ್ ರೈಲೊಂದನ್ನು ಇಬ್ಬರು ಹುಡುಗರು ದೋಚಿ ಮರುಭೂಮಿಗೆ ಪರಾರಿಯಾದರು. ಮಾರಿಕೋಪ ಕೌಂಟಿಯ ಶೆರಿಫ್ ಮೊದಲು ಕುದುರೆ ಮೇಲೆ ಬೆನ್ನಟ್ಟಿದರು. ಆಮೇಲೆ ಒಂದು ಕಾರು ಹಿಡಿದರು, ಅಪರ್ಸನ್ ಕಂಪನಿಯ 'ಜ್ಯಾಕ್ ರ್ಯಾಬಿಟ್'. ರಸ್ತೆಯೇ ಇಲ್ಲದ ಮರಳಿನಲ್ಲಿ ಕಳ್ಳಿಗಿಡಗಳ ನಡುವೆ ಆ ಕಾರು ಓಡಿತು. ಹುಡುಗರು ಸಿಕ್ಕರು. ಅವರನ್ನು ಹಿಡಿದಾಗ ಶೆರಿಫ್ ಕೈಯಲ್ಲಿದ್ದ ಪಿಸ್ತೂಲಿನಲ್ಲಿ ಗುಂಡೇ ಇರಲಿಲ್ಲ ಅಂತ ಅರಿಜೋನಾದಲ್ಲಿ ಇವತ್ತಿಗೂ ಹೇಳುತ್ತಾರೆ.

ಆ ಶೆರಿಫ್ ಹೆಸರು ಕಾರ್ಲ್ ಟ್ರಂಬುಲ್ ಹೇಡನ್. ಎರಡೇ ವರ್ಷದಲ್ಲಿ ಅವರು ಅಮೆರಿಕದ ಸಂಸತ್ತಿನಲ್ಲಿ ಕೂತಿದ್ದರು. ಅಲ್ಲಿಂದ ಎದ್ದು ಮನೆಗೆ ಹೋಗಿದ್ದು 1969ರಲ್ಲಿ. ಸುಮಾರು 57 ವರ್ಷ! ನಡುವೆ ಒಂದು ಚುನಾವಣೆಯನ್ನೂ ಸೋಲಲಿಲ್ಲ.

ಶೆರಿಫ್ ಕೆಲಸದಿಂದ ಶಾಸನಸಭೆಗೆ ಹೋದವರು ಅಮೆರಿಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಹೇಡನ್ ಪ್ರಕರಣವನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಆ ಪಿಸ್ತೂಲು. ಗುಂಡು ಹಾರಿಸದೆ ಕೆಲಸ ಮುಗಿಸುವ ಆ ಅಭ್ಯಾಸವನ್ನು ಅವರು ವಾಷಿಂಗ್ಟನ್ನಿಗೂ ಹೊತ್ತುಕೊಂಡು ಹೋದರು ಅನ್ನೋದು ನನ್ನ ಅನಿಸಿಕೆ. ಅದರಿಂದ ಅವರಿಗೆ ಸಿಕ್ಕಿದ್ದೆಷ್ಟು, ಊರಿಗೆ ಸಿಕ್ಕಿದ್ದೆಷ್ಟು, ಅದಕ್ಕೆ ತೆತ್ತ ಬೆಲೆ ಎಷ್ಟು ಎಂಬುದನ್ನು ನೋಡೋಣ.

ಓಟು ಕೇಳಿ ಗೆಲ್ಲುವ ಎಸ್ಪಿ

ಶೆರಿಫ್ ಅಂದಕೂಡಲೇ ನಮಗೆ ನೆನಪಾಗುವುದು ಕೌಬಾಯ್ ಸಿನಿಮಾದ ನಕ್ಷತ್ರದ ಬ್ಯಾಡ್ಜು. ಇಲ್ಲವೇ ಮುಂಬೈ ಶೆರಿಫ್ ಎಂಬ ಅಲಂಕಾರದ ಹುದ್ದೆ. ಅಮೆರಿಕದ ಕೌಂಟಿ ಶೆರಿಫ್ ಬೇರೆಯೇ. ನಮ್ಮ ಜಿಲ್ಲೆಯ ಎಸ್ಪಿ, ಜೈಲಿನ ಸೂಪರಿಂಟೆಂಡೆಂಟು, ಕೋರ್ಟಿನ ಅಮೀನ ಮೂವರನ್ನೂ ಒಬ್ಬರೊಳಗೆ ತುಂಬಿದರೆ ಎಷ್ಟೋ ಅಷ್ಟು. ಕಳ್ಳರನ್ನು ಹಿಡಿಯುವುದು, ಹಿಡಿದವರಿಗೆ ಜೈಲಿನಲ್ಲಿ ಊಟ ಹಾಕುವುದು, ಕೋರ್ಟಿನ ಸಮನ್ಸು ಜಾರಿ ಮಾಡುವುದು ಎಲ್ಲಾ ಅವರದೇ. ಇಷ್ಟಾಗಿ ಆ ಹುದ್ದೆಗೆ ಪರೀಕ್ಷೆಯಿಲ್ಲ, ವರ್ಗಾವಣೆಯೂ ಇಲ್ಲ. ಜನರ ಓಟಿನಿಂದಲೇ ಬರಬೇಕು.

ಅಂದರೆ ಅದು ಹುಟ್ಟಿನಿಂದಲೇ ಅರ್ಧ ರಾಜಕಾರಣದ ಹುದ್ದೆ. ಇವತ್ತು ಸಮನ್ಸು ಕೊಟ್ಟು ಬಂದ ಮನೆಗೇ ನಾಳೆ ಓಟು ಕೇಳಲು ಹೋಗಬೇಕು. ಸುಮ್ನೆ ದರ್ಪ ತೋರಿಸಿದರೆ ಮುಂದಿನ ಸಲ ಮನೆಯಲ್ಲಿ ಕೂರಬೇಕಾಗುತ್ತದೆ.

ಹೇಡನ್ ಹುಟ್ಟಿದ್ದು 1877ರಲ್ಲಿ, ಸಾಲ್ಟ್ ನದಿಯ ದಂಡೆಯ 'ಹೇಡನ್ಸ್ ಫೆರಿ' ಎಂಬಲ್ಲಿ. ಊರಿಗೆ ಅವರ ಮನೆತನದ್ದೇ ಹೆಸರು. ತಂದೆ ಚಾರ್ಲ್ಸ್ ಹೇಡನ್ ಕನೆಕ್ಟಿಕಟ್‌ನಿಂದ ಬಂದ ವ್ಯಾಪಾರಿ. ನದಿ ತುಂಬಿದಾಗ ಜನರನ್ನೂ ಗಾಡಿಗಳನ್ನೂ ದಾಟಿಸಲು ದೋಣಿ ಇಟ್ಟಿದ್ದರು. ಪಕ್ಕದಲ್ಲೇ ನೀರಿನಿಂದ ತಿರುಗುವ ಹಿಟ್ಟಿನ ಗಿರಣಿ. ಊರಿನ ಹೆಸರು ಆಮೇಲೆ ಟೆಂಪೀ ಅಂತಾಯಿತು. ಚಾಂಡ್ಲರ್, ಟೆಂಪೀ ಕಡೆ ಕೆಲಸಕ್ಕೆ, ಓದಿಗೆ ಹೋಗಿರುವ ನಮ್ಮವರು ಮಿಲ್ ಅವೆನ್ಯೂ ಕೊನೆಯಲ್ಲಿ ಅದೇ ಜಾಗದಲ್ಲಿ ಆಮೇಲೆ ಕಟ್ಟಿದ ಹಳೇ ಗಿರಣಿಯನ್ನು ನೋಡಿಯೇ ಇರುತ್ತಾರೆ.

ಮಗ ಓದಲು ಸ್ಟ್ಯಾನ್‌ಫರ್ಡಿಗೆ ಹೋದ. 1900ರಲ್ಲಿ ತಂದೆ ತೀರಿಕೊಂಡರು. ಓದು ಅರ್ಧಕ್ಕೇ ನಿಂತಿತು, ತಂದೆಯ ಸಾಲ ತಲೆ ಮೇಲೆ ಬಂತು. ಇದ್ದ ಆಸ್ತಿಯಲ್ಲಿ ಸಾಲ ತೀರಿಸುತ್ತಾ ಊರಿನ ರಾಜಕಾರಣಕ್ಕೆ ಇಳಿದರು. 1902ರಲ್ಲಿ ಟೆಂಪೀ ಪುರಸಭೆ, 1904ರಲ್ಲಿ ಕೌಂಟಿಯ ಖಜಾಂಚಿ, 1906ರ ಚುನಾವಣೆಯಲ್ಲಿ ಶೆರಿಫ್. ಒಂದೊಂದೇ ಮೆಟ್ಟಿಲು, ಎಲ್ಲೂ ಜಿಗಿತವಿಲ್ಲ.

1910ರ ಜನಗಣತಿಯಲ್ಲಿ ಮಾರಿಕೋಪ ಕೌಂಟಿಯ ಜನಸಂಖ್ಯೆ 34,488. ಫೀನಿಕ್ಸ್ ನಗರದ್ದು 11,134. ನಮ್ಮ ಲೆಕ್ಕದಲ್ಲಿ ಒಂದು ಹೋಬಳಿ ಕೇಂದ್ರದಷ್ಟು. ಅಷ್ಟು ಜನರಲ್ಲಿ ಒಬ್ಬ ಶೆರಿಫ್ ಐದು ವರ್ಷ ಓಡಾಡಿದರೆ ಯಾರ ಮನೆ ಎಲ್ಲಿ, ಯಾರಿಗೆ ಯಾರ ಮೇಲೆ ಜಗಳ, ಯಾರ ಕಾಲುವೆಗೆ ನೀರು ಬರುತ್ತಿಲ್ಲ ಎಲ್ಲಾ ತಿಳಿದಿರುತ್ತದೆ. ಹೇಡನ್ ಮುಂದೆ ಎಷ್ಟೇ ದೊಡ್ಡವರಾದರೂ ಮತದಾರರನ್ನು ಹೆಸರು ಹಿಡಿದು ನೆನಪಿಟ್ಟುಕೊಂಡ ಬಗೆಗೆ ಬೇರು ಇಲ್ಲೇ ಇದೆ ಅಂತ ನನಗನ್ನಿಸುತ್ತದೆ.

ರಾಜ್ಯ ಹುಟ್ಟಿದ ವಾರ

1911ರ ಆಗಸ್ಟಿನಲ್ಲಿ ಅರಿಜೋನಾಕ್ಕೆ ರಾಜ್ಯದ ಸ್ಥಾನ ಕೊಡುವ ತೀರ್ಮಾನವಾಯಿತು. ಅದರ ಹಿಂದೊಂದು ತಮಾಷೆಯ ಕಥೆಯಿದೆ. ಜನ ಬರೆದುಕೊಂಡ ಸಂವಿಧಾನದಲ್ಲಿ ನ್ಯಾಯಾಧೀಶರನ್ನೂ ಓಟು ಹಾಕಿ ಕೆಳಗಿಳಿಸಬಹುದು ಎಂಬ ಕಲಂ ಇತ್ತು. ಅಧ್ಯಕ್ಷ ಟಾಫ್ಟ್ ಅದೊಂದಕ್ಕಾಗಿಯೇ ಮಸೂದೆಯನ್ನು ತಿರಸ್ಕರಿಸಿದರು. ಸರಿ ಬಿಡಿ ಅಂತ ಅರಿಜೋನಾ ಆ ಕಲಂ ತೆಗೆಯಿತು. ರಾಜ್ಯವಾದ ವರ್ಷವೇ ವಾಪಸ್ ಸೇರಿಸಿತು!

ಆಗ ಹೇಡನ್ ಓಹಾಯೋದ ಕ್ಯಾಂಪ್ ಪೆರಿಯಲ್ಲಿದ್ದರು. ರಾಷ್ಟ್ರಮಟ್ಟದ ಬಂದೂಕು ಗುರಿ ಸ್ಪರ್ಧೆಗೆ ಅರಿಜೋನಾ ತಂಡದ ಜೊತೆ ಹೋಗಿದ್ದರು. ಗುರಿಕಾರನಾಗಿದ್ದರೂ ಹುದ್ದೆಯಲ್ಲಿ ಗುಂಡು ಹಾರಿಸದಿದ್ದವರು ಅನ್ನೋದನ್ನು ಗಮನಿಸಿ. ರಾಜ್ಯದ ಸುದ್ದಿ ಕೇಳಿದ್ದೇ ಊರಿಗೆ ಬಂದು ಸ್ಪರ್ಧೆಗೆ ನಿಂತರು. ಹೊಸ ರಾಜ್ಯಕ್ಕೆ ಕೆಳಮನೆಯಲ್ಲಿ ಇದ್ದದ್ದು ಒಂದೇ ಸೀಟು. ಡಿಸೆಂಬರ್‌ನಲ್ಲಿ ಗೆದ್ದರು. 1912ರ ಫೆಬ್ರವರಿ 14ಕ್ಕೆ ಅರಿಜೋನಾ ರಾಜ್ಯವಾಯಿತು, 19ಕ್ಕೆ ಹೇಡನ್ ಪ್ರಮಾಣವಚನ ತೆಗೆದುಕೊಂಡರು. ವಯಸ್ಸು 34.

ಹೊಸದಾಗಿ ಹೋದವರಿಗೆ ಮೇರಿಲ್ಯಾಂಡಿನ ಹಿರಿಯ ಸದಸ್ಯರೊಬ್ಬರು ಬುದ್ಧಿ ಹೇಳಿದರಂತೆ. ಇಲ್ಲಿ ಎರಡು ಜಾತಿಯ ಕುದುರೆಗಳಿವೆ, ಒಂದು ಮೆರವಣಿಗೆಯದು, ಇನ್ನೊಂದು ಗಾಡಿ ಎಳೆಯುವುದು. ಪೇಪರಿನಲ್ಲಿ ಹೆಸರು ಬರಬೇಕಾದರೆ ಮೊದಲನೆಯದಾಗು, ಜೊತೆಯವರು ಮರ್ಯಾದೆ ಕೊಡಬೇಕಾದರೆ ಎರಡನೆಯದಾಗು ಅಂತ. ಹೇಡನ್ ಜಟಕಾ ಕುದುರೆಯಾದರು. ಸದನದಲ್ಲಿ ಅವರ ಭಾಷಣ ಅಪರೂಪ. ಕಮಿಟಿ ಕೋಣೆಯಲ್ಲೇ ಕೆಲಸ ಮುಗಿಯುತ್ತಿತ್ತು.

ಇಬ್ಬರು ಶೆರಿಫ್‌ಗಳು

1926ರಲ್ಲಿ ಹೇಡನ್ ಮೇಲ್ಮನೆಯಾದ ಸೆನೆಟ್‌ಗೆ ನಿಂತರು. ಎದುರಾಳಿ ಆಗಿನ ಸೆನೆಟರ್ ರಾಲ್ಫ್ ಕ್ಯಾಮರಾನ್. ಅವರೂ ಮಾಜಿ ಶೆರಿಫ್! 1890ರ ದಶಕದಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಇರುವ ಕೊಕೊನೀನೋ ಕೌಂಟಿಯಲ್ಲಿ ಆ ಹುದ್ದೆಯಲ್ಲಿದ್ದವರು.

ಒಂದೇ ಹುದ್ದೆ, ಎರಡು ದಾರಿ. ಕ್ಯಾನ್ಯನ್ನಿನ ಅಂಚಿನಿಂದ ಕೆಳಗಿಳಿಯುವ 'ಬ್ರೈಟ್ ಏಂಜಲ್' ಕಾಲುದಾರಿಯಲ್ಲಿ ಕ್ಯಾಮರಾನ್ ತಲೆಗೆ ಒಂದು ಡಾಲರ್ ಸುಂಕ ವಸೂಲಿ ಮಾಡುತ್ತಿದ್ದರು. ಪ್ರವಾಸಿಗರು ಓಡಾಡುವ ಆಯಕಟ್ಟಿನ ಜಾಗಗಳಲ್ಲೆಲ್ಲಾ ಗಣಿ ಹಕ್ಕು ಹಾಕಿಟ್ಟಿದ್ದರು. ಅಲ್ಲಿ ಹೇಳಿಕೊಳ್ಳುವಂಥ ಅದಿರು ಇರಲಿಲ್ಲ. ಇದ್ದದ್ದು ನೋಟ, ನೋಡುವವರ ಜೇಬು. ಇತ್ತ ಹೇಡನ್, ಸೆನೆಟರ್ ಹೆನ್ರಿ ಆಶರ್ಸ್ಟ್ ಜೊತೆ ಸೇರಿ 1919ರಲ್ಲಿ ಗ್ರ್ಯಾಂಡ್ ಕ್ಯಾನ್ಯನ್ನನ್ನು ರಾಷ್ಟ್ರೀಯ ಉದ್ಯಾನ ಮಾಡಿಸಿದರು. 1920ರಲ್ಲಿ ಸುಪ್ರೀಂ ಕೋರ್ಟು ಕ್ಯಾಮರಾನ್ ವಿರುದ್ಧ ತೀರ್ಪು ಕೊಟ್ಟಿತು. ಆದರೂ ಅವರು ಸೆನೆಟ್‌ಗೆ ಹೋಗಿ, ಅಲ್ಲಿಂದ ಉದ್ಯಾನದ ಬಜೆಟ್ಟಿಗೇ ಕೈಹಾಕಿದರು. 1926ರಲ್ಲಿ ಜನ ಸಾಕು ಅಂದರು.

ಕುರ್ಚಿಯನ್ನು ಸ್ವಂತ ಟೋಲ್‌ಗೇಟ್ ಮಾಡಿಕೊಂಡವರು ಒಬ್ಬರು, ಊರಿನ ಕೆಲಸಕ್ಕೆ ಸಾಧನ ಮಾಡಿಕೊಂಡವರು ಇನ್ನೊಬ್ಬರು. ಇಷ್ಟು ಸಲೀಸಾಗಿ ಹೇಳಿ ಮುಗಿಸುವ ಆಸೆಯಾಗುತ್ತದೆ. ಆದರೆ ಹೇಡನ್ 1919ರ ಆ ಕಾಯ್ದೆಯಲ್ಲೇ ಒಂದು ಸಣ್ಣ ಕಿಂಡಿ ಬಿಟ್ಟಿದ್ದರು. ಉದ್ಯಾನದ ಒಳಗೂ ಸರ್ಕಾರ ಬೇಕಾದರೆ ನೀರಾವರಿ ಯೋಜನೆಗೆ ಅನುಮತಿ ಕೊಡಬಹುದು ಎಂಬ ಕಲಂ. ಅದು ನಲವತ್ತೇಳು ವರ್ಷದ ಮೇಲೆ ದೊಡ್ಡ ಗಲಾಟೆಗೆ ಕಾರಣವಾಯಿತು.

ನೀರಿನ ಲೆಕ್ಕ

ಹೇಡನ್ ಬದುಕಿನ ನಿಜವಾದ ಕೇಸು ಕೊಲೊರಾಡೊ ನದಿ. ನಮಗೆ ಇದನ್ನು ಅರ್ಥ ಮಾಡಿಸಬೇಕಾದ್ದಿಲ್ಲ. ಕಾವೇರಿ ಸುದ್ದಿ ಕೇಳುತ್ತಾ ಬೆಳೆದವರು ನಾವು. ಅಲ್ಲಿ ಎಕರೆ-ಅಡಿ ಅನ್ನುತ್ತಾರೆ, ನಮ್ಮ ಅನುಕೂಲಕ್ಕೆ ಟಿಎಂಸಿಗೆ ತಿರುಗಿಸುತ್ತೇನೆ.

1922ರಲ್ಲಿ ಏಳು ರಾಜ್ಯಗಳ ಪ್ರತಿನಿಧಿಗಳು ಕೂತು ನದಿಯನ್ನು ಮೇಲು ಕೊಳ್ಳ, ಕೆಳ ಕೊಳ್ಳ ಅಂತ ಎರಡು ಭಾಗ ಮಾಡಿದರು. ಒಂದೊಂದಕ್ಕೆ ವರ್ಷಕ್ಕೆ 75 ಲಕ್ಷ ಎಕರೆ-ಅಡಿ, ಅಂದರೆ ಸುಮಾರು 327 ಟಿಎಂಸಿ. ಅರಿಜೋನಾ ಮುನಿಸಿಕೊಂಡು 1944ರವರೆಗೂ ಆ ಒಪ್ಪಂದಕ್ಕೆ ಒಪ್ಪಿಗೆ ಕೊಡಲಿಲ್ಲ. ಕ್ಯಾಲಿಫೋರ್ನಿಯಾ ಎಲ್ಲಾ ಎಳೆದುಕೊಳ್ಳುತ್ತದೆ ಎಂಬ ಭಯ. ಹೂವರ್ ಅಣೆಕಟ್ಟಿಗೆ ದಾರಿ ಮಾಡಿದ 1928ರ ಕಾಯ್ದೆ ಸೆನೆಟ್ ಮುಂದೆ ಬಂದಾಗ ಮಾತೇ ಆಡದ ಹೇಡನ್ ಕೂಡ ಎದ್ದು ನಿಂತು ಗಂಟೆಗಟ್ಟಲೆ ಮಾತಾಡಿ ಅಡ್ಡಿ ಮಾಡಿದರು. ಕಾಯ್ದೆ ಪಾಸಾಯಿತು. ಅದರಲ್ಲಿ ಸೂಚಿಸಿದ ಹಂಚಿಕೆ ಹೀಗಿತ್ತು: ಕ್ಯಾಲಿಫೋರ್ನಿಯಾಕ್ಕೆ 44 ಲಕ್ಷ ಎಕರೆ-ಅಡಿ (192 ಟಿಎಂಸಿ), ಅರಿಜೋನಾಕ್ಕೆ 28 ಲಕ್ಷ (122 ಟಿಎಂಸಿ), ನೆವಾಡಾಕ್ಕೆ 3 ಲಕ್ಷ.

1934ರಲ್ಲಂತೂ ಅರಿಜೋನಾದ ಗವರ್ನರ್ ಪಾರ್ಕರ್ ಅಣೆಕಟ್ಟಿನ ಕೆಲಸ ನಿಲ್ಲಿಸಲು ರಾಜ್ಯದ ಸೈನಿಕರನ್ನೇ ಕಳಿಸಿದರು. ನದಿ ಕಾಯಲು ದೋಣಿ ಬೇರೆ. ಪತ್ರಿಕೆಗಳು ಅದಕ್ಕೆ 'ಅರಿಜೋನಾ ನೌಕಾಪಡೆ' ಅಂತ ಹೆಸರಿಟ್ಟು ನಕ್ಕವು. ಮರುಭೂಮಿಯ ರಾಜ್ಯಕ್ಕೆ ನೌಕಾಪಡೆ!

ಆದರೆ ಕಾಗದದ ಮೇಲೆ ನೀರು ಇದ್ದರೆ ಸಾಕೇ? ನದಿ ಹರಿಯುವುದು ರಾಜ್ಯದ ಪಶ್ಚಿಮದ ಗಡಿಯಲ್ಲಿ. ಜನ ಇರುವುದು ನಡುವಿನ ಫೀನಿಕ್ಸ್, ಟ್ಯೂಸಾನ್ ಕಡೆ. ನೀರನ್ನು ಎತ್ತಿ, ಗುಡ್ಡ ದಾಟಿಸಿ, ನೂರಾರು ಮೈಲಿ ತರಬೇಕು. ಹೇಡನ್ ಮತ್ತು ಸೆನೆಟರ್ ಮೆಕ್‌ಫಾರ್ಲೆಂಡ್ 1947ರಲ್ಲಿ ಇದಕ್ಕೆ ಮಸೂದೆ ತಂದರು. ಹೆಸರು 'ಸೆಂಟ್ರಲ್ ಅರಿಜೋನಾ ಪ್ರಾಜೆಕ್ಟ್'. ಸೆನೆಟ್‌ನಲ್ಲಿ 1950ರಲ್ಲೂ 1951ರಲ್ಲೂ ಪಾಸಾಯಿತು, ಕೆಳಮನೆಯಲ್ಲಿ ಎರಡು ಸಲವೂ ಸತ್ತಿತು. ಅಲ್ಲಿ ಕ್ಯಾಲಿಫೋರ್ನಿಯಾದ ಬಲ ಜಾಸ್ತಿ. ಮೊದಲು ನಿಮ್ಮ ಪಾಲೆಷ್ಟು ಅಂತ ಇತ್ಯರ್ಥ ಮಾಡಿಕೊಂಡು ಬನ್ನಿ ಅಂದರು. ಅರಿಜೋನಾ 1952ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ತೀರ್ಪು ಬಂದದ್ದು 1963ರ ಜೂನ್‌ನಲ್ಲಿ. 28 ಲಕ್ಷ ನಿಮ್ಮದೇ ಅಂತ.

ಅಷ್ಟರಲ್ಲಿ ಹೇಡನ್‌ಗೆ 85 ವರ್ಷ.

ಮುದುಕರ ಜಗಳ

ಆ ವಯಸ್ಸಿನಲ್ಲಿ ಅವರು ಏನಾಗಿದ್ದರು ಅಂತ ಸ್ವಲ್ಪ ಹೇಳಬೇಕು. 1955ರಿಂದ ಸೆನೆಟ್‌ನ ಅಪ್ರೋಪ್ರಿಯೇಷನ್ಸ್ ಕಮಿಟಿಯ ಅಧ್ಯಕ್ಷರು. ಸರ್ಕಾರ ಖರ್ಚು ಮಾಡುವ ಪ್ರತಿ ಡಾಲರೂ ಆ ಕೋಣೆ ದಾಟಿಯೇ ಹೋಗಬೇಕು. ಬೇರೆ ರಾಜ್ಯದ ಸೆನೆಟರುಗಳಿಗೆ ಅಣೆಕಟ್ಟೋ ಹೆದ್ದಾರಿಯೋ ಬೇಕಾದರೆ ಈ ಅಜ್ಜನ ಬಾಗಿಲಿಗೆ ಬರಬೇಕು. ಅವರು ಇಲ್ಲ ಅನ್ನುತ್ತಿರಲಿಲ್ಲ, ನೆನಪಿಟ್ಟುಕೊಳ್ಳುತ್ತಿದ್ದರು.

1962ರಲ್ಲಿ ಒಂದು ಪ್ರಸಂಗ ನಡೆಯಿತು. ಬಜೆಟ್ ಮಸೂದೆಗಳ ಬಗ್ಗೆ ಎರಡೂ ಸದನದವರು ಒಟ್ಟಿಗೆ ಕೂರುವುದು ಸೆನೆಟ್ ಬದಿಯ ಕೋಣೆಯಲ್ಲೇ, ಅದೇ ವಾಡಿಕೆ. ಕೆಳಮನೆಯ ಕಮಿಟಿ ಅಧ್ಯಕ್ಷ ಕ್ಲಾರೆನ್ಸ್ ಕ್ಯಾನನ್‌ಗೆ 83. ಯಾವಾಗಲೂ ನಾವೇ ಯಾಕೆ ನಡೆದು ಬರಬೇಕು, ಈ ಸಲ ನೀವು ಬನ್ನಿ ಅಂದರು. 84ರ ಹೇಡನ್ ಜಗ್ಗಲಿಲ್ಲ. ಒಂದೇ ಕಟ್ಟಡದ ಎರಡು ತುದಿ, ನಡುವೆ ಒಂದು ಪಡಸಾಲೆ. ತಿಂಗಳುಗಟ್ಟಲೆ ಸರ್ಕಾರದ ಹಣದ ಮಸೂದೆಗಳು ಅಲ್ಲೇ ಕೊಳೆತವು. ಕೊನೆಗೆ ಇಬ್ಬರಿಗೂ ಸರಿಸಮ ದೂರವಿರುವ ನಡುವಿನ ಕೋಣೆಯೊಂದನ್ನು ಹುಡುಕಿದರು. ನಮ್ಮೂರಲ್ಲಿ ಗಂಡಿನ ಕಡೆ, ಹೆಣ್ಣಿನ ಕಡೆ ಮಾತುಕತೆಗೆ ಮೂರನೆಯವರ ಮನೆ ಹುಡುಕುವುದಿಲ್ಲವೇ, ಹಾಗೆ.

ಅದೇ ವರ್ಷದ ಚುನಾವಣೆ ಹೊತ್ತಿಗೆ ಹೇಡನ್ ಆಸ್ಪತ್ರೆ ಸೇರಿದ್ದರು. ಸತ್ತೇ ಹೋಗಿದ್ದಾರೆ ಎಂಬ ಪುಕಾರು ಹಬ್ಬಿತು. ಬದುಕಿದ್ದಾರೆ ಅಂತ ತೋರಿಸಲು ಪತ್ರಕರ್ತರನ್ನು ಕರೆಸಬೇಕಾಯಿತು. ಇವಾನ್ ಮೆಕಮ್ ವಿರುದ್ಧ ಗೆದ್ದರು. (ಈ ಮೆಕಮ್ ಮುಂದೆ ಗವರ್ನರಾಗಿ 1988ರಲ್ಲಿ ಮಹಾಭಿಯೋಗಕ್ಕೆ ಸಿಕ್ಕಿ ಹುದ್ದೆ ಕಳೆದುಕೊಂಡರು. ಅದೇ ಬೇರೆ ಕಥೆ.) ಮರುವರ್ಷ ನವೆಂಬರ್ 22ಕ್ಕೆ ಕೆನಡಿ ಹತ್ಯೆಯಾಯಿತು. ಜಾನ್ಸನ್ ಅಧ್ಯಕ್ಷರಾದರು, ಉಪಾಧ್ಯಕ್ಷರ ಕುರ್ಚಿ ಖಾಲಿ. ಜಾನ್ಸನ್‌ಗೆ ಏನಾದರೂ ಆದರೆ ಮುಂದೆ 71 ವರ್ಷದ ಸ್ಪೀಕರ್ ಮೆಕಾರ್ಮಿಕ್, ಅವರ ನಂತರ ಸೆನೆಟ್‌ನ ಹಂಗಾಮಿ ಅಧ್ಯಕ್ಷರಾಗಿದ್ದ 86 ವರ್ಷದ ಹೇಡನ್. ಒಂದು ವರ್ಷಕ್ಕೂ ಮೇಲೆ ಪರಿಸ್ಥಿತಿ ಹಾಗೇ ಇತ್ತು. ಖಾಲಿ ಬಿದ್ದ ಉಪಾಧ್ಯಕ್ಷ ಹುದ್ದೆಯನ್ನು ತುಂಬುವ ದಾರಿ ತೋರಿಸಿದ 25ನೇ ತಿದ್ದುಪಡಿ ಜಾರಿಯಾದದ್ದು 1967ರಲ್ಲಿ.

ನನಗೆ ಇರಿಸುಮುರಿಸಾಗುವ ದಿನ 1964ರ ಜೂನ್ 10. ವರ್ಣಭೇದ ತೊಡೆಯುವ ನಾಗರಿಕ ಹಕ್ಕುಗಳ ಮಸೂದೆಗೆ ಅಡ್ಡಿಯಾಗಿದ್ದ ಭಾಷಣಗಳನ್ನು ನಿಲ್ಲಿಸುವ ಮತದಾನ ಅವತ್ತು. 67 ಓಟು ಬೇಕು. ಸಣ್ಣ ರಾಜ್ಯಕ್ಕೆ ಆ ಭಾಷಣದ ಹಕ್ಕೇ ಗುರಾಣಿ ಅಂತ ನಂಬಿದ್ದ ಹೇಡನ್ ಜೀವನಪೂರ್ತಿ ಅದರ ಪರ ಇದ್ದವರು. ತೀರಾ ಅಗತ್ಯವಾದರೆ ಮಾತ್ರ ನನ್ನ ಓಟು ಅಂತ ಜಾನ್ಸನ್ ಕಡೆಯವರಿಗೆ ಮಾತು ಕೊಟ್ಟು, ಪಕ್ಕದ ಕೋಣೆಯಲ್ಲಿ ಕೂತಿದ್ದರು. 67 ದಾಟಿತು. ಹೊರಗೆ ಬಂದು 'ಬೇಡ' ಅಂತ ಓಟು ಹಾಕಿದರು. ಮಸೂದೆಗೆ ಮಾತ್ರ ಆಮೇಲೆ 'ಬೇಕು' ಅಂದರು. ಜಾಣತನ ಹೌದು. ಆದರೆ ಕೋಣೆಯೊಳಗೆ ಕೂತು ಕಾಯುವುದನ್ನು ಧೈರ್ಯ ಅನ್ನಲು ಮನಸ್ಸು ಬರುವುದಿಲ್ಲ.

ಕೊನೆಯ ಬೆನ್ನಟ್ಟುವಿಕೆ

ನೀರಿನ ಯೋಜನೆಗೆ ಬರೋಣ. ನೀರೆತ್ತಲು ಕರೆಂಟು ಬೇಕಲ್ವಾ? ಅದಕ್ಕಾಗಿ ಗ್ರ್ಯಾಂಡ್ ಕ್ಯಾನ್ಯನ್ನಿನ ಕಣಿವೆಯಲ್ಲಿ ಬ್ರಿಡ್ಜ್ ಕ್ಯಾನ್ಯನ್, ಮಾರ್ಬಲ್ ಕ್ಯಾನ್ಯನ್ ಎಂಬ ಎರಡು ಅಣೆಕಟ್ಟು ಕಟ್ಟುವ ಯೋಚನೆಯಿತ್ತು. 1919ರ ಆ ಕಿಂಡಿ ಈಗ ಉಪಯೋಗಕ್ಕೆ ಬರುವ ಹಾಗಿತ್ತು. 1966ರಲ್ಲಿ ಸಿಯೆರಾ ಕ್ಲಬ್ ಎಂಬ ಪರಿಸರ ಸಂಘ ದೊಡ್ಡ ಪತ್ರಿಕೆಗಳಲ್ಲಿ ಪೂರ್ತಿ ಪುಟದ ಜಾಹೀರಾತು ಹಾಕಿತು, ಜನರ ಕಾಗದಗಳು ವಾಷಿಂಗ್ಟನ್ನಿಗೆ ಹರಿದು ಬಂದವು. ಅಣೆಕಟ್ಟಿನ ಆಸೆ ಬಿಡಬೇಕಾಯಿತು. ಬದಲಿಗೆ ನವಾಹೋ ಬುಡಕಟ್ಟಿನ ಜನರ ನೆಲದಲ್ಲಿ ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರ ಬಂತು. ಕ್ಯಾನ್ಯನ್ ಉಳಿಯಿತು, ಹೊಗೆ ಇನ್ನೊಬ್ಬರ ಆಕಾಶಕ್ಕೆ ಹೋಯಿತು. ಆ ಸ್ಥಾವರ ಮುಚ್ಚಿದ್ದು 2019ರಲ್ಲಿ.

ಇನ್ನು ಉಳಿದ ಅಡ್ಡಿ ಕೆಳಮನೆಯ ಕಮಿಟಿ ಅಧ್ಯಕ್ಷ, ಕೊಲೊರಾಡೊ ರಾಜ್ಯದ ವೇಯ್ನ್ ಆಸ್ಪಿನಾಲ್. 1967ರಲ್ಲಿ ಅವರು ಮಸೂದೆಯನ್ನು ಮುಂದಕ್ಕೆ ಬಿಡಲೇ ಇಲ್ಲ. ಹೇಡನ್ ಕೂಗಾಡಲಿಲ್ಲ. ನಿಮ್ಮ ಕಮಿಟಿ ಬೇಡ, ನಾನು ಇದನ್ನು ನೇರವಾಗಿ ಖರ್ಚಿನ ಮಸೂದೆಗೇ ಅಂಟಿಸಿ ಕಳಿಸುತ್ತೇನೆ ಅಂದರು. ಖರ್ಚಿನ ಮಸೂದೆಯಲ್ಲಿ ಎಲ್ಲಾ ರಾಜ್ಯದವರ ಕಾಮಗಾರಿಗಳೂ ಇರುತ್ತವೆ, ಅದನ್ನು ತಡೆಯುವ ಧೈರ್ಯ ಯಾರಿಗೂ ಇಲ್ಲ. ಆಸ್ಪಿನಾಲ್ ದಾರಿಗೆ ಬಂದರು, ವಿಚಾರಣೆಗೆ ದಿನ ಗೊತ್ತುಮಾಡಿದರು. ಬೆದರಿಕೆಯನ್ನು ಹೇಡನ್ ನಡೆಸಬೇಕಾಗಿಯೇ ಬರಲಿಲ್ಲ. ಪಿಸ್ತೂಲಿನಲ್ಲಿ ಗುಂಡಿತ್ತೋ ಇಲ್ಲವೋ ಅಂತ ಈ ಸಲವೂ ಯಾರೂ ನೋಡಲಿಲ್ಲ.

1968ರ ಸೆಪ್ಟೆಂಬರ್ 30ಕ್ಕೆ ಜಾನ್ಸನ್ ಸಹಿ ಹಾಕಿದರು. ಎರಡು ದಿನ ಬಿಟ್ಟರೆ ಹೇಡನ್‌ಗೆ 91. ನಿವೃತ್ತಿಯನ್ನು ಅವರು ಆ ಮೇ ತಿಂಗಳಲ್ಲೇ ಹೇಳಿಯಾಗಿತ್ತು. ಅವರ ಜಾಗಕ್ಕೆ ಅವರ ಆಪ್ತ ಸಹಾಯಕರೇ ನಿಂತರು, ಬ್ಯಾರಿ ಗೋಲ್ಡ್‌ವಾಟರ್ ಎದುರು ಸೋತರು. ನಲವತ್ತೆರಡು ವರ್ಷ ಸೆನೆಟ್‌ನಲ್ಲಿ ಕೂಡಿಟ್ಟ ವಿಶ್ವಾಸ ಒಬ್ಬ ಮನುಷ್ಯನ ಹೆಸರಿಗೆ ಇತ್ತೇ ಹೊರತು ಕಚೇರಿಯ ಹೆಸರಿಗಲ್ಲ. 1972ರ ಜನವರಿಯಲ್ಲಿ ಹೇಡನ್ ತೀರಿಕೊಂಡರು. ಅವರ ಸೇವಾವಧಿಯ ದಾಖಲೆ ಮುರಿದದ್ದು 2009ರಲ್ಲಿ, ರಾಬರ್ಟ್ ಬರ್ಡ್.

ಬೆಲೆ

ಕಾಲುವೆ ಕೆಲಸ 1973ರಲ್ಲಿ ಶುರುವಾಗಿ 1993ರಲ್ಲಿ ಮುಗಿಯಿತು. ಉದ್ದ 336 ಮೈಲಿ, ಅಂದರೆ 540 ಕಿಲೋಮೀಟರ್. ಹವಾಸು ಸರೋವರದಿಂದ ಹೊರಟ ನೀರು ಟ್ಯೂಸಾನ್ ಮುಟ್ಟುವ ಹೊತ್ತಿಗೆ ಸುಮಾರು 2,900 ಅಡಿ ಮೇಲೇರಿರುತ್ತದೆ. ಖರ್ಚು 400 ಕೋಟಿ ಡಾಲರ್‌ಗೂ ಜಾಸ್ತಿ. ವರ್ಷಕ್ಕೆ ಸುಮಾರು 65 ಟಿಎಂಸಿ ಸಾಗಿಸುವ ಹಾಗೆ ಕಟ್ಟಿದ್ದಾರೆ. ತುಂಬಿದ ಕೆಆರ್‌ಎಸ್ ಹಿಡಿಯುವುದು 49 ಅಂತ ನೆನಪಿಟ್ಟುಕೊಂಡರೆ ಅಂದಾಜು ಸಿಗುತ್ತದೆ. ಅಷ್ಟು ನೀರನ್ನು ಮರುಭೂಮಿಯಲ್ಲಿ ಗುಡ್ಡ ಹತ್ತಿಸುವುದು! ಹೇಡನ್ ಶೆರಿಫ್ ಆಗಿದ್ದಾಗ 34 ಸಾವಿರ ಜನರಿದ್ದ ಕೌಂಟಿಯಲ್ಲಿ 2020ರ ಗಣತಿಯ ಪ್ರಕಾರ 44 ಲಕ್ಷ ಜನ.

ಆದರೆ 1968ರ ಕಾಯ್ದೆಯಲ್ಲಿ ಒಂದು ಸಾಲಿದೆ. ಕೊಲೊರಾಡೊದಲ್ಲಿ ನೀರು ಕಡಿಮೆಯಾದರೆ ಮೊದಲು ಕ್ಯಾಲಿಫೋರ್ನಿಯಾಕ್ಕೆ ಅದರ 44 ಲಕ್ಷ ಪೂರ್ತಿ ಸಲ್ಲಬೇಕು, ಆಮೇಲೆ ಈ ಕಾಲುವೆಗೆ. ಕೋರ್ಟಿನಲ್ಲಿ ಗೆದ್ದ ರಾಜ್ಯ ಸಂಸತ್ತಿನಲ್ಲಿ ಸರದಿಯ ಹಿಂದೆ ನಿಂತಿತು. ಇದಿಲ್ಲದೆ ಕ್ಯಾಲಿಫೋರ್ನಿಯಾದ ಓಟು ಸಿಗುತ್ತಿರಲಿಲ್ಲ. ಬರುವ ಬರಗಾಲಕ್ಕೆ ಸಾಲ ಬರೆದುಕೊಟ್ಟು ಇವತ್ತಿನ ಕಾಲುವೆ ಪಡೆದ ಹಾಗಾಯಿತು. ತೊಂಬತ್ತರ ಮನುಷ್ಯನಿಗೆ ಇನ್ನೊಂದು ಅವಕಾಶಕ್ಕೆ ಕಾಯುವ ಸಮಯ ಇರಲಿಲ್ಲ ಅನ್ನುವುದೂ ನಿಜ. ನಾನು ಆ ಜಾಗದಲ್ಲಿದ್ದರೂ ಸಹಿ ಹಾಕಿಸುತ್ತಿದ್ದೆನೇನೋ. 2021ರ ಆಗಸ್ಟಿನಲ್ಲಿ ನದಿಯಲ್ಲಿ ಮೊದಲ ಸಲ ಅಧಿಕೃತವಾಗಿ ಕೊರತೆ ಘೋಷಣೆಯಾಯಿತು. ಮರುವರ್ಷ ಅರಿಜೋನಾಕ್ಕೆ ಬಿದ್ದ ಕಡಿತ 5,12,000 ಎಕರೆ-ಅಡಿ, 22 ಟಿಎಂಸಿ. ಪೀನಲ್ ಕೌಂಟಿಯ ಹತ್ತಿ, ಕುದುರೆ ಮಸಾಲೆ ಬೆಳೆಯುವ ರೈತರಿಗೆ ಅದರ ಏಟು ಜಾಸ್ತಿ ಬಿತ್ತು.

ನೀರಿನ ಇನ್ನೊಂದು ಹಳೇ ಬಾಕಿಯೂ ಇತ್ತು. ಹೀಲಾ ನದಿಯ ದಂಡೆಯಲ್ಲಿ ತಲೆತಲಾಂತರದಿಂದ ಕಾಲುವೆ ತೆಗೆದು ಬೇಸಾಯ ಮಾಡುತ್ತಿದ್ದ ಪೀಮಾ ಜನರ ನೀರನ್ನು ಮೇಲ್ಭಾಗದ ವಲಸಿಗರು ತಿರುಗಿಸಿಕೊಂಡಿದ್ದರು. ಹೇಡನ್ 1924ರಲ್ಲಿ ಅವರ ಚರಿತ್ರೆಯನ್ನೇ ಸಂಗ್ರಹಿಸಿ ಸಂಸತ್ತಿನ ಮುಂದಿಟ್ಟರು. ಅವರಿಗಾಗಿ ಅಂತ ಕೂಲಿಡ್ಜ್ ಅಣೆಕಟ್ಟು ಬಂತು. ಅದು ಮುಳುಗಿಸಿದ್ದು ಇನ್ನೊಂದು ಬುಡಕಟ್ಟಿನ, ಅಪಾಚೆಗಳ ಊರನ್ನು. ಅವರ ಸ್ಮಶಾನದ ಮೇಲೆ ಕಾಂಕ್ರೀಟು ಹೊದಿಸಿ ನೀರು ನಿಲ್ಲಿಸಿದರು. 1930ರಲ್ಲಿ ಉದ್ಘಾಟನೆಯಾದಾಗ ಜಲಾಶಯದ ತಳದಲ್ಲಿ ನೀರಿಗಿಂತ ಹುಲ್ಲೇ ಹೆಚ್ಚಿತ್ತು. ಸಭೆಗೆ ಬಂದಿದ್ದ ಹಾಸ್ಯಗಾರ ವಿಲ್ ರಾಜರ್ಸ್, ಈ ಕೆರೆ ನನ್ನದಾಗಿದ್ದರೆ ಹುಲ್ಲು ಕತ್ತರಿಸುತ್ತಿದ್ದೆ ಅಂದರು. ಪೀಮಾ ಜನರಿಗೆ ಕೈತುಂಬ ನೀರಿನ ಹಕ್ಕು ಸಿಕ್ಕಿದ್ದು 2004ರ ಕಾಯ್ದೆಯಿಂದ. ಅದರಲ್ಲಿ ದೊಡ್ಡ ಪಾಲು ಹೇಡನ್ ಹೆಸರು ಹೊತ್ತ ಅದೇ ಕಾಲುವೆಯದು.

ಟೆಂಪೀಯಲ್ಲಿ ತಂದೆ ದೋಣಿ ಇಟ್ಟಿದ್ದ ಸಾಲ್ಟ್ ನದಿ, ಮೇಲ್ಗಡೆಯ ಅಣೆಕಟ್ಟುಗಳಿಂದಾಗಿ ವರ್ಷದ ಬಹುಪಾಲು ಒಣಗಿಯೇ ಇರುತ್ತಿತ್ತು. 1999ರಲ್ಲಿ ನಗರಸಭೆ ಆ ಒಣ ಪಾತ್ರಕ್ಕೆ ಅಡ್ಡಲಾಗಿ ಗಾಳಿ ತುಂಬುವ ರಬ್ಬರಿನ ಕಟ್ಟೆ ಹಾಕಿ ಎರಡು ಮೈಲಿ ಉದ್ದದ ಕೆರೆ ಮಾಡಿತು. ಅದನ್ನು ತುಂಬಿಸಲು ಕೊಲೊರಾಡೊ ನೀರನ್ನು ಕಾಲುವೆಯಿಂದ ಬಿಟ್ಟರು. 2010ರ ಜುಲೈ 20ರ ರಾತ್ರಿ ರಬ್ಬರು ಒಡೆದು ಕೆರೆಯೆಲ್ಲಾ ಹರಿದು ಹೋಯಿತು. ಬೆಳಗ್ಗೆ ಎದ್ದು ನೋಡಿದರೆ ಕೆಸರಿನಲ್ಲಿ ಒದ್ದಾಡುವ ಮೀನು. ಮತ್ತೆ ಕಟ್ಟೆ ಹಾಕಿ ತುಂಬಿಸಿದರು. ಈಗ ಸಂಜೆ ಹೊತ್ತು ಅಲ್ಲಿ ಪೆಡಲ್ ದೋಣಿ ಬಾಡಿಗೆಗೆ ಸಿಗುತ್ತದೆ, ಹಳೇ ಗಿರಣಿಯ ಕೆಳಗೇ.